ಅಜ್ಜಿ ಊರಿಗೆ ಹೋದ ಮೇಲೆ ಮಗ ಕಚ್ಚುತ್ತಿದ್ದಾನೆ, ರಾತ್ರಿ ಹಾಸಿಗೆ ಒದ್ದೆ. ಏನು ಮಾಡಲಿ?

ಡೊಂಬಿವಲಿ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನಾವು ಮಾಟುಂಗಾದ ಹಳೇ ಬಿಲ್ಡಿಂಗಿನಲ್ಲಿದ್ದೆವು. ಮಾವ ಊರಿಂದ ಬಂದು ಹೋಟೆಲ್ ಕೆಲಸಕ್ಕೆ ಸೇರಿದಾಗ ಹಿಡಿದ ಮನೆ, ಒಂದು ರೂಮು, ಒಂದು ಅಡುಗೆಮನೆ. ಹೋದ ವರ್ಷ ರೀಡೆವಲಪ್‌ಮೆಂಟ್, ಅಂದರೆ ಹಳೇ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವುದು ಅಂತ ಆಯಿತು, ಏಪ್ರಿಲ್‌ನಲ್ಲಿ ಖಾಲಿ ಮಾಡಿದೆವು. ಬಿಲ್ಡರ್ ಕೊಡುವ ಬಾಡಿಗೆಗೆ ಮಾಟುಂಗಾದಲ್ಲಿ ಬಚ್ಚಲುಮನೆಯೂ ಸಿಗುವುದಿಲ್ಲ, ಹಾಗಾಗಿ ಡೊಂಬಿವಲಿಗೆ ಬಂದೆವು. ಇಲ್ಲಿ ಮೂರನೇ ಮಹಡಿ, ಲಿಫ್ಟ್ ಇಲ್ಲ. ಅತ್ತೆಗೆ ಮಂಡಿನೋವು, ಹತ್ತಲಾಗದು ಅಂತ ಕುಂದಾಪುರದಲ್ಲಿ ಮೈದುನನ ಮನೆಗೆ ಹೋದರು.

ಮಗನಿಗೆ ನಾಲ್ಕೂವರೆ ವರ್ಷ. ಅಜ್ಜಿಯ ಸೆರಗು ಹಿಡಿದೇ ಬೆಳೆದವನು. ಅಳುತ್ತಾನೆ ಅಂತ ನಾವು ಅವನು ಮಧ್ಯಾಹ್ನ ಮಲಗಿದ್ದಾಗ ಅತ್ತೆಯನ್ನು ಮತ್ಸ್ಯಗಂಧ ರೈಲು ಹತ್ತಿಸಿ ಬಂದೆವು. ಎದ್ದವನು ಕೇಳಿದ, ನಾಳೆ ಬರ್ತಾಳೆ ಅಂದೆ. ಆಮೇಲೆ ದಿನಾ ಕೇಳುತ್ತಿದ್ದ, ನಾನು ದಿನಾ ನಾಳೆ ಅನ್ನುತ್ತಿದ್ದೆ. ಈಗ ಒಂದು ತಿಂಗಳಿಂದ ಕೇಳುವುದನ್ನೇ ಬಿಟ್ಟಿದ್ದಾನೆ. ಮರೆತ, ಒಳ್ಳೆಯದಾಯಿತು ಅಂದುಕೊಂಡೆ.

ಜೂನ್‌ನಿಂದ ಹೊಸ ಶಾಲೆ, ಜೂನಿಯರ್ ಕೆಜಿ. ಶಾಲೆ ಬಿಟ್ಟ ಮೇಲೆ ಪಾಳಣಾಘರ್, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಜಾಗ. ನಾನು ದಾದರ್‌ನಿಂದ ಮನೆಗೆ ಬರುವಾಗ ಏಳೂವರೆ. ಇವರದು ವಾರ ಬಿಟ್ಟು ವಾರ ರಾತ್ರಿ ಪಾಳಿ. ಮೂರು ವಾರದಲ್ಲಿ ನಾಲ್ಕು ಸಲ ಶಾಲೆಯಿಂದ ಫೋನು ಬಂದಿದೆ, ಪಕ್ಕದ ಮಗುವಿನ ಕೈ ಕಚ್ಚಿದ್ದಾನೆ ಅಂತ. ಒಂದೂವರೆ ವರ್ಷದಿಂದ ರಾತ್ರಿ ಹಾಸಿಗೆ ಒದ್ದೆ ಮಾಡಿರಲಿಲ್ಲ, ಈಗ ವಾರಕ್ಕೆ ನಾಲ್ಕು ದಿನ. ಈ ಮಳೆಯಲ್ಲಿ ಹಾಸಿಗೆ ಒಣಗಿಸುವುದು ಎಲ್ಲಿ ಹೇಳಿ? ತಾನೇ ಊಟ ಮಾಡುತ್ತಿದ್ದವನಿಗೆ ಈಗ ತುತ್ತು ಮಾಡಿ ಬಾಯಿಗೆ ಇಡಬೇಕು. ನಾನು ಸ್ನಾನಕ್ಕೆ ಹೋದರೆ ಬಾಗಿಲ ಕೆಳಗಿನ ಸಂದಿಯಲ್ಲಿ ಬೆರಳು ತೂರಿಸಿಕೊಂಡು ಹೊರಗೆ ಕೂತಿರುತ್ತಾನೆ.

ಮಂಗಳವಾರ ಬೆಳಿಗ್ಗೆ 7.10ರ ಲೋಕಲ್ ಹಿಡಿಯಬೇಕು, ಇವನು ಯೂನಿಫಾರ್ಮ್ ಹಾಕಿಕೊಳ್ಳದೆ ಹಾಲಿನ ಲೋಟ ಎಸೆದ. ಎರಡು ಏಟು ಹಾಕಿದೆ. ಅವನು ಅಳಲಿಲ್ಲ. ಸುಮ್ನೆ ಹೋಗಿ ಅಜ್ಜಿ ಊಟಕ್ಕೆ ಕೂರುತ್ತಿದ್ದ ಮಣೆ ಮೇಲೆ ಕೂತ. ಟ್ರೈನಿನಲ್ಲಿ ಘಾಟ್ಕೋಪರ್‌ವರೆಗೂ ನಾನೇ ಅತ್ತೆ.

ದೃಷ್ಟಿ ಆಗಿದೆ ಅಂತ ಒಬ್ಬರು, ಮುದ್ದು ಜಾಸ್ತಿ ಆಯಿತು ಅಂತ ಇನ್ನೊಬ್ಬರು. ಇದು ತಾನಾಗೇ ಸರಿಹೋಗುತ್ತದಾ? ಡಾಕ್ಟರಿಗೆ ತೋರಿಸಬೇಕಾ?

---

ಗೋರೆಗಾಂವ್ ಹಿರಿಯ

ಅಮ್ಮಾ, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ನಾವು ಏಳು ಜನ ಮಕ್ಕಳು. ಅಪ್ಪ ಬೊಂಬಾಯಿಯಲ್ಲಿ, ಅಮ್ಮ ಗದ್ದೆಯಲ್ಲಿ. ಯಾರು ಅತ್ತರು, ಯಾರು ನಕ್ಕರು ಅಂತ ನೋಡುವವರಿರಲಿಲ್ಲ. ಎರಡು ಏಟು ಬಿದ್ದರೆ ಮಕ್ಕಳೇನೂ ಕೆಡುವುದಿಲ್ಲ. ಈಗಿನವರದು ಎಲ್ಲದಕ್ಕೂ ಡಾಕ್ಟರು.

---

ಬಾಲವಾಡಿ ಟೀಚರ್, ಮುಲುಂಡ್

ಹಿರಿಯರೇ, ಏಳು ಜನ ಮಕ್ಕಳಿದ್ದ ಮನೆಯಲ್ಲಿ ಒಬ್ಬ ಅತ್ತರೆ ಎತ್ತಿಕೊಳ್ಳಲು ಒಬ್ಬ ಅಕ್ಕ ಇರುತ್ತಿದ್ದಳು. ಅಜ್ಜಿ, ದೊಡ್ಡಮ್ಮ, ಪಕ್ಕದ ಮನೆಯವರು ಯಾರೋ ಒಬ್ಬರು ಇದ್ದೇ ಇರುತ್ತಿದ್ದರು. ಈ ಮಗುವಿಗೆ ಇದ್ದದ್ದು ಒಬ್ಬಳು ಅಜ್ಜಿ. ಒಂದು ಮಧ್ಯಾಹ್ನ ಮಲಗಿ ಎದ್ದರೆ ಅಜ್ಜಿ ಇಲ್ಲ. ಲೆಕ್ಕ ಒಂದೇ ಅಲ್ಲ ಅಲ್ವಾ?

ಈಗ ತಂಗಿಗೆ. ನಾನು 28 ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವಳು, ಈಗ ನಿವೃತ್ತಿ. ನೀನು ಬರೆದದ್ದರಲ್ಲಿ ನನಗೆ ಹೆಚ್ಚು ಕಸಿವಿಸಿ ಆದದ್ದು ಕಚ್ಚಿದ್ದಕ್ಕಲ್ಲ, ಅವನು ಕೇಳುವುದನ್ನು ಬಿಟ್ಟ ಅಂದೆಯಲ್ಲ, ಅದಕ್ಕೆ. ಅವನು ಮರೆತಿಲ್ಲ ಮಾರಾಯ್ತಿ. ಕೇಳಿ ಪ್ರಯೋಜನ ಇಲ್ಲ ಅಂತ ಗೊತ್ತಾಗಿದೆ. ನಿದ್ದೆ ಮಾಡಿದರೆ ಜನ ಮಾಯ ಆಗುತ್ತಾರೆ ಅಂತಲೂ ತಿಳಿದುಕೊಂಡಿರಬಹುದು. ಬಚ್ಚಲ ಬಾಗಿಲ ಸಂದಿಯಲ್ಲಿ ಬೆರಳು ಯಾಕೆ ಇಟ್ಟ ಅಂತ ನೋಡು.

ದೊಡ್ಡವರು ಹೇಳದೆ ಬಿಟ್ಟ ಜಾಗವನ್ನು ಈ ವಯಸ್ಸಿನವರು ಖಾಲಿ ಬಿಡುವುದಿಲ್ಲ, ಅಲ್ಲಿ ತಾವೇ ಒಂದು ಕಥೆ ತುಂಬುತ್ತಾರೆ. ಹೆಚ್ಚಾಗಿ ಆ ಕಥೆಯಲ್ಲಿ ತಪ್ಪು ತಮ್ಮದೇ ಆಗಿರುತ್ತದೆ. ನಾನು ಗಲಾಟೆ ಮಾಡಿದೆ, ಅದಕ್ಕೇ ಅಜ್ಜಿ ಹೋದಳು ಅಂತ. ಹಾಗಾಗಿ ಮೊದಲ ಕೆಲಸ, ನಿಜ ಹೇಳು. ಎರಡೇ ವಾಕ್ಯ ಸಾಕು. ಅಜ್ಜಿಗೆ ಮಂಡಿನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ, ಅದಕ್ಕೆ ಚಿಕ್ಕಪ್ಪನ ಮನೆಯಲ್ಲಿದ್ದಾಳೆ. ನೀನು ಏನೂ ತಪ್ಪು ಮಾಡಿಲ್ಲ. ಹೇಳದೆ ಕಳಿಸಿದ್ದು ನಮ್ಮ ತಪ್ಪು ಅಂತಲೂ ಹೇಳು, ಮಕ್ಕಳ ಹತ್ತಿರ ತಪ್ಪು ಒಪ್ಪಿಕೊಂಡರೆ ದೊಡ್ಡವರ ತೂಕ ಏನೂ ಇಳಿಯುವುದಿಲ್ಲ. ಅಳುತ್ತಾನೆ, ಅಳಲಿ. ಆಗ ಚಾಕಲೇಟು, ಮೊಬೈಲು ಕೊಡಬೇಡ. ಪಕ್ಕದಲ್ಲಿ ಕೂತಿರು.

ನಾಳೆ ಅನ್ನುವ ಪದ ಮನೆಯಿಂದ ತೆಗೆದುಬಿಡು. ನಾಲ್ಕು ವರ್ಷದವರಿಗೆ ನಾಳೆಗೂ ಮುಂದಿನ ತಿಂಗಳಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಆದರೆ ನಾಳೆ ಸುಳ್ಳಾದದ್ದು ಗೊತ್ತಾಗುತ್ತದೆ. ಅತ್ತೆ ಚೌತಿಗೆ ಬರುತ್ತಾರಾ? ಖಂಡಿತಾ ಬರುವುದಾದರೆ ಮಾತ್ರ ಒಂದು ಡಬ್ಬಿಯಲ್ಲಿ ದಿನಕ್ಕೊಂದರಂತೆ ಹುಣಸೆಬೀಜ ಎಣಿಸಿ ಹಾಕು, ರಾತ್ರಿ ಮಲಗುವ ಮುಂಚೆ ಒಂದು ತೆಗೆಯಲಿ. ಬರುವುದು ಗ್ಯಾರಂಟಿ ಇಲ್ಲದಿದ್ದರೆ ಬೇಡ.

ಇನ್ನು ಕಚ್ಚುವುದು. ಅವನಿಗೆ ಬರುವ ಭಾಷೆ ಯಾವುದು? ಅಜ್ಜಿಯ ಕುಂದಾಪುರದ ಕನ್ನಡ. ಶಾಲೆಯಲ್ಲಿ ಟೀಚರ್ ಮಾತಾಡುವುದು ಇಂಗ್ಲಿಷು, ಮಕ್ಕಳು ಮರಾಠಿ. ಯಾರೋ ಅವನ ಕ್ರೇಯಾನ್ ಕಿತ್ತುಕೊಂಡರೆ 'ಅದು ನಂದು' ಅಂತ ಹೇಳಿದರೆ ಯಾರಿಗೆ ಅರ್ಥ ಆಗುತ್ತದೆ? ಬಾಯಿಗೆ ಮಾತು ಸಿಗದಿದ್ದರೆ ಹಲ್ಲು ಕೆಲಸ ಮಾಡುತ್ತದೆ. ನನ್ನ ತರಗತಿಯಲ್ಲಿ ಕನ್ನಡ, ತಮಿಳು, ಗುಜರಾತಿ ಮಕ್ಕಳು ಹೊಸದಾಗಿ ಬಂದಾಗ ಇದು ಎಷ್ಟು ಸಲ ಆಗಿದೆಯೋ. ಮೂರೇ ಮರಾಠಿ ಮಾತು ಕಲಿಸು: 'ಮಾಝಂ ಆಹೇ' (ಅದು ನಂದು), 'ಮಲಾ ನಕೋ' (ನನಗೆ ಬೇಡ), 'ಶೂ ಆಲಿ' (ಉಚ್ಚೆ ಬಂತು). ಮನೆಯಲ್ಲಿ ಗೊಂಬೆ ಇಟ್ಟುಕೊಂಡು ಆಟ ಆಡಿಸು, ಒಂದು ಗೊಂಬೆ ಕಿತ್ತುಕೊಳ್ಳಲಿ, ಇನ್ನೊಂದು 'ಮಲಾ ನಕೋ' ಅನ್ನಲಿ. ಮೂರನೆಯ ಮಾತು ನಗು ಬರಿಸಬಹುದು, ಆದರೆ ಶಾಲೆಯಲ್ಲಿ ಉಚ್ಚೆಗೆ ಹೋಗಬೇಕು ಅಂತ ಹೇಳಲು ಬಾರದೆ ದಿನವಿಡೀ ತಡೆದುಕೊಳ್ಳುವ ಮಕ್ಕಳು ಬೇಕಾದಷ್ಟು.

ಟೀಚರಿಗೆ ಮನೆ ಬದಲಾದದ್ದು, ಅಜ್ಜಿ ಹೋದದ್ದು ಗೊತ್ತಾ? ಹೇಳಿಲ್ಲದಿದ್ದರೆ ಹೇಳು. ಗೊತ್ತಿಲ್ಲದಿದ್ದರೆ ಅವರಿಗೆ ಇವನು ಬರೀ ಕಚ್ಚುವ ಹುಡುಗ.

ದೃಷ್ಟಿ ತೆಗೆಯಬೇಕು ಅನಿಸಿದರೆ ತೆಗಿ, ನಾನೇನೂ ಬೇಡ ಅನ್ನುವುದಿಲ್ಲ. ಐದು ನಿಮಿಷ ಅಮ್ಮ ಎದುರಿಗೆ ನಿಂತು ಅವನೊಬ್ಬನನ್ನೇ ನೋಡುತ್ತಾಳೆ, ಅದೇ ಒಂದು ಮದ್ದು. ಮೆಣಸಿನ ಘಾಟು ಮಾತ್ರ ಜಾಸ್ತಿ ಮಾಡಬೇಡ.

---

ಚಿಂಚವಡದ ಅಪ್ಪ

ಟೀಚರ್ ಹೇಳಿದ ಕಥೆ ತುಂಬುವ ವಿಷಯ ನೂರಕ್ಕೆ ನೂರು ನಿಜ. ನಮ್ಮದು ಬೆಳಗಾವಿ ಕಡೆ, ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು. ನಮ್ಮ ಅಪ್ಪ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಪಡಸಾಲೆಯಲ್ಲಿ ಅವರನ್ನು ಮಲಗಿಸಿದ್ದರು, ಮಗಳು ಏನಾಗಿದೆ ಅಂತ ಕೇಳಿದಳು. ನಾನು ದೊಡ್ಡ ಶಾಣ್ಯಾನಂತೆ 'ಅಜ್ಜ ಮಲಗಿದಾರ' ಅಂದೆ. ಮುಂದಿನ ಎರಡು ತಿಂಗಳು ಆ ಹುಡುಗಿ ಮಲಗಲೇ ಇಲ್ಲ. ರಾತ್ರಿ ಹನ್ನೊಂದಾದರೂ ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದಳು. ನಾನು ಮಲಗಿದರೆ ಬಂದು ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡುತ್ತಿದ್ದಳು, ಉಸಿರಾಡುತ್ತಿದ್ದೇನಾ ಅಂತ. ನನಗೆ ಬೆಳಿಗ್ಗೆ ಆರಕ್ಕೆ ಶಿಫ್ಟು, ಸಿಟ್ಟು ನೆತ್ತಿಗೇರುತ್ತಿತ್ತು. ಹೊಡೆದೂ ಇದ್ದೇನೆ, ಮುಚ್ಚಿಡುವುದೇನು.

ಕೊನೆಗೆ ಮಕ್ಕಳ ಡಾಕ್ಟರು ಒಬ್ಬ ಆಪ್ತ ಸಲಹೆಗಾರರ ಹತ್ತಿರ ಕಳಿಸಿದರು. ಅವರು ಕೇಳಿದ ಮೊದಲ ಪ್ರಶ್ನೆ, ಸತ್ತಿದ್ದನ್ನು ಮಗುವಿಗೆ ಯಾವ ಮಾತಿನಲ್ಲಿ ಹೇಳಿದಿರಿ? ಐದಾರು ವರ್ಷದೊಳಗಿನ ಮಕ್ಕಳಿಗೆ ಸಾವು ಅಂದರೆ ಮತ್ತೆ ವಾಪಸ್ ಬರಲಾಗದ್ದು ಅಂತ ತಿಳಿಯುವುದಿಲ್ಲವಂತೆ. ಅದಕ್ಕೇ ಮಲಗಿದ, ದೂರ ಹೋದ, ದೇವರು ಕರೆದುಕೊಂಡ ಅನ್ನಬಾರದು. ಅಜ್ಜನ ಮೈ ಕೆಲಸ ನಿಲ್ಲಿಸಿತು, ಉಸಿರಾಡಲ್ಲ, ಹಸಿವಾಗಲ್ಲ, ನೋವೂ ಆಗಲ್ಲ, ಮತ್ತೆ ಬರಲ್ಲ ಅಂತ ನೇರವಾಗಿ ಹೇಳಬೇಕು. ಹೇಳುವಾಗ ನನ್ನ ಗಂಟಲು ಕಟ್ಟಿತು. ಅವಳು ಕೇಳಿಸಿಕೊಂಡು, 'ಹಂಗಾರ ಅಜ್ಜನ ಚಪ್ಪಲಿ ಯಾರು ಹಾಕೋತಾರ?' ಅಂತ ಕೇಳಿ ಆಟಕ್ಕೆ ಹೋದಳು. ಇದೂ ಸಹಜವಂತೆ. ಅವರು ಒಂದೇ ಸಲ ಕೂತು ದುಃಖ ಪಡುವುದಿಲ್ಲ, ಒಂದು ಗಳಿಗೆ ಅತ್ತು, ಒಂದು ಗಳಿಗೆ ಆಡಿ, ವಾರ ಬಿಟ್ಟು ಮತ್ತೆ ಅದನ್ನೇ ಕೇಳುತ್ತಾರೆ. ನನ್ನ ಮಗಳು ಮೂವತ್ತು ಸಲವಾದರೂ ಕೇಳಿರಬೇಕು. ಮೂವತ್ತು ಸಲವೂ ಅದೇ ಉತ್ತರ ಕೊಟ್ಟೆ.

ಹೊಡೆದದ್ದರ ಬಗ್ಗೆ ಒಂದು ಮಾತು ಅಕ್ಕಾ. ಸಂಜೆ ಬಂದು, ಬೆಳಿಗ್ಗೆ ಹೊಡೆದೆ, ತಪ್ಪಾಯಿತು, ನನಗೆ ಸಿಟ್ಟು ಬಂದಿತ್ತು ಅಂತ ಹೇಳಿ. ಹೇಳಿ, 'ಆದರೆ ನೀನು ಲೋಟ ಎಸೆದೆಯಲ್ಲ' ಅಂತ ಬಾಲ ಸೇರಿಸಬೇಡಿ. ನಾನು ಮೊದಮೊದಲು ಸೇರಿಸುತ್ತಿದ್ದೆ. ಅದು ಕ್ಷಮೆ ಕೇಳಿದಂತೆ ಆಗುವುದಿಲ್ಲ, ಕೋರ್ಟಿನಲ್ಲಿ ವಾದ ಮಾಡಿದಂತೆ ಆಗುತ್ತದೆ. ಲೋಟದ ಮಾತು ಬೇರೆ ದಿನ ಆಡಬಹುದು.

---

ವಾಸ್ಕೊ ಸಿಸ್ಟರ್

ನಾನು ಗೋವಾದಲ್ಲಿ ನರ್ಸ್. ಬಾಕಿಯವರು ಮನಸ್ಸಿನ ಕಡೆಯದು ಚೆನ್ನಾಗಿ ಹೇಳಿದ್ದಾರೆ, ನಾನು ಮೈ ಕಡೆಯದು ಹೇಳುತ್ತೇನೆ.

ಒಣಗಿದ್ದ ಹಾಸಿಗೆ ಮತ್ತೆ ಒದ್ದೆ ಆದರೆ ಅದು ಮನಸ್ಸಿನದೇ ಅಂತ ಕೂರಬೇಡಿ. ಒಂದು ಸಲ ಮೂತ್ರ ಪರೀಕ್ಷೆ ಮಾಡಿಸಿ. ಸೋಂಕು ಇದ್ದರೂ ಹೀಗೆ ಆಗುತ್ತದೆ, ಮಲಬದ್ಧತೆ ಇದ್ದರೂ ಆಗುತ್ತದೆ. ಹೊಸ ಶಾಲೆಯ ಕಕ್ಕಸಿಗೆ ಹೋಗಲು ಹೆದರಿ ತಡೆದುಕೊಳ್ಳುವ ಮಕ್ಕಳಿಗೆ ಎರಡೂ ಬರುತ್ತವೆ. ತುಂಬಾ ನೀರು ಕುಡಿಯುತ್ತಿದ್ದರೆ, ಸಣ್ಣಗಾಗುತ್ತಿದ್ದರೆ ತಡ ಮಾಡದೆ ಆವತ್ತೇ ತೋರಿಸಿ, ಸಕ್ಕರೆ ನೋಡಬೇಕಾಗುತ್ತದೆ. ಇದೆಲ್ಲ ಏನೂ ಇಲ್ಲ ಅಂದರೆ ಹೆದರಬೇಡಿ. ಐದು ವರ್ಷದೊಳಗಿನ ಮಗು ರಾತ್ರಿ ಒದ್ದೆ ಮಾಡಿದರೆ ಅದನ್ನು ಕಾಯಿಲೆ ಅಂತ ಕರೆಯುವುದೂ ಇಲ್ಲ. ರಾತ್ರಿ ನೀರೇ ಕೊಡದೆ ಇರುವುದು, ನೆರೆಯವರ ಮುಂದೆ ಹೇಳುವುದು, ಇವೆರಡು ಬೇಡ. ಹಾಸಿಗೆ ಮೇಲೆ ರಬ್ಬರ್ ಶೀಟು, ಅದರ ಮೇಲೆ ಹಳೇ ಹತ್ತಿ ಸೀರೆ ನಾಲ್ಕು ಮಡಿಕೆ. ಸೀರೆ ಮಳೆಗಾಲದಲ್ಲೂ ಫ್ಯಾನಿನಡಿ ಒಣಗುತ್ತದೆ, ಹಾಸಿಗೆ ಒಣಗಲ್ಲ. ಅತ್ತೆಯವರ ಸೀರೆ ಇದ್ದರೆ ಇನ್ನೂ ಒಳ್ಳೆಯದು, ವಾಸನೆ ಗುರುತು ಸಿಗುತ್ತದೆ.

ನಿದ್ದೆ ಎಷ್ಟು ಆಗುತ್ತಿದೆ? ಮೂರ್ನಾಲ್ಕು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಕೂತು ಮೊಬೈಲ್ ನೋಡುವುದು ಒಂದು ಗಂಟೆ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನೀವು ಏಳೂವರೆಗೆ ಬಂದು, ಅಡುಗೆ ಆಗಿ, ಅವನು ಮಲಗುವಾಗ ಹತ್ತೂವರೆ, ಬೆಳಿಗ್ಗೆ ಆರಕ್ಕೆ ಎಬ್ಬಿಸುತ್ತೀರಿ ಅಂತ ನನ್ನ ಅಂದಾಜು. ನಿದ್ದೆ ಕೆಟ್ಟ ಮಗುವಿಗೆ ಯೂನಿಫಾರ್ಮೂ ಯುದ್ಧವೇ. ಒಂದು ವಾರ ರಾತ್ರಿ ಅಡುಗೆ ಸರಳ ಮಾಡಿ. ಗಂಜಿ, ಉಪ್ಪಿನಕಾಯಿ. ಯಾರೂ ಸಾಯಲ್ಲ.

ಯಾವಾಗ ತೋರಿಸಬೇಕು ಅಂದರೆ, ನಿಜ ಹೇಳಿ, ದಿನಚರಿ ಸರಿ ಮಾಡಿ ಒಂದು ತಿಂಗಳಾದರೂ ಏನೂ ಕಡಿಮೆ ಆಗದಿದ್ದರೆ. ಊಟ, ಆಟ ಬಿಟ್ಟರೆ, ತನಗೆ ತಾನೇ ಪೆಟ್ಟು ಮಾಡಿಕೊಂಡರೆ, ಬರುತ್ತಿದ್ದ ಮಾತೇ ನಿಂತರೆ ಅಷ್ಟು ದಿನ ಕಾಯಬೇಡಿ. ಮುಂಬೈಯಲ್ಲಿ ಪರೇಲ್‌ನ ವಾಡಿಯಾ ಮಕ್ಕಳ ಆಸ್ಪತ್ರೆ ಇದೆ, ನಮ್ಮ ಗೋವಾದವರಿಗೆ ಬಾಂಬೋಳಿಯ ಮನೋರೋಗ ಸಂಸ್ಥೆ. ಎಲ್ಲೂ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು, ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡ ಆರಿಸಿಕೊಳ್ಳಬಹುದು. ಮಗುವಿಗೆ ಅಂತ ಮಾತ್ರ ಅಲ್ಲ, ನಿಮಗೇ ಸಾಕಾಗಿದೆ ಅನಿಸಿದಾಗಲೂ ಮಾಡಿ. ಟ್ರೈನಿನಲ್ಲಿ ಅತ್ತೆ ಅಂದಿರಲ್ಲ, ಅದನ್ನು ಓದಿ ಹೇಳುತ್ತಿದ್ದೇನೆ.

---

ಕುರ್ಲಾ ಹುಡುಗಿ

ನಾನು ಅಮ್ಮ ಅಲ್ಲ, ಮದುವೆಯೂ ಆಗಿಲ್ಲ, ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ನಾನೇ ಆ ಮಗು ಆಗಿದ್ದೆ.

2005ರ ಜುಲೈ 26. ನನಗೆ ಐದು ವರ್ಷ. ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು ಅಂತ ಆಮೇಲೆ ಓದಿ ತಿಳಿದದ್ದು. ನನಗೆ ನೆನಪಿರುವುದು ಶಾಲೆಯ ಬೆಂಚಿನ ಮೇಲೆ ನಿಂತದ್ದು, ಕೆಳಗೆ ಕಂದು ನೀರಿನಲ್ಲಿ ಯಾರದೋ ಟಿಫಿನ್ ಡಬ್ಬಿ ತೇಲುತ್ತಿದ್ದದ್ದು. ಅಪ್ಪ ಮರುದಿನ ಮಧ್ಯಾಹ್ನ ಸೊಂಟದವರೆಗೆ ಕೆಸರು ಮೆತ್ತಿಕೊಂಡು ನಡೆದು ಬಂದರು.

ಮುಂದಿನ ಎರಡು ಮಳೆಗಾಲ ಮೋಡ ಕವಿದರೆ ಸಾಕು, ನನಗೆ ಹೊಟ್ಟೆನೋವು. ಶಾಲೆಗೆ ಹೋಗಲ್ಲ ಅಂತ ಬಾಗಿಲು ಹಿಡಿದುಕೊಳ್ಳುತ್ತಿದ್ದೆ. ಎಲ್ಲರೂ 'ಏನೂ ಆಗಲಿಲ್ವಲ್ಲ, ಅಪ್ಪ ಬಂದ್ರಲ್ಲ' ಅನ್ನುತ್ತಿದ್ದರು. ಅದು ಸಮಾಧಾನ ಅಲ್ಲ, ಬಾಯಿ ಮುಚ್ಚು ಅಂತ ಅರ್ಥ. ಅಮ್ಮ ಒಬ್ಬಳೇ ಬೇರೆ ಥರ ಮಾಡಿದಳು. 'ಹೆದರಿಕೆ ಆಯ್ತು ಅಲ್ವಾ, ನನಗೂ ಆಗಿತ್ತು' ಅಂದಳು. ಆಮೇಲೆ ನನ್ನ ಬ್ಯಾಗಿನ ಚಿಕ್ಕ ಜೇಬಿನಲ್ಲಿ ಒಂದು ಬಿಸ್ಕತ್ ಪ್ಯಾಕೆಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಚೀಟಿ ಇಟ್ಟಳು. ಜೋರು ಮಳೆ ಬಂದರೆ ಮೊದಲು ಅಮ್ಮ ಬರುತ್ತಾಳೆ, ಅಮ್ಮ ಬರಲಾಗದಿದ್ದರೆ ಎದುರು ಮನೆ ಶೆಟ್ಟಿ ಆಂಟಿ, ಅವರೂ ಬರದಿದ್ದರೆ ಟೀಚರ್ ಜೊತೆ ಮೇಲಿನ ಮಹಡಿ. ಓದಲು ಬರುತ್ತಿರಲಿಲ್ಲ, ಆದರೂ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಿಮ್ಮ ಮಗನ ಜೇಬಿಗೂ ಏನಾದರೂ ಕೊಡಿ ಅಕ್ಕಾ, ಶಾಲೆಯಲ್ಲಿ ಮುಟ್ಟಿ ನೋಡಿಕೊಳ್ಳುವ ಹಾಗೆ.

---

ಗೋರೆಗಾಂವ್ ಹಿರಿಯ

ಟೀಚರಮ್ಮ ಹೇಳಿದ ಮೇಲೆ ಕೂತು ಯೋಚಿಸಿದೆ. ನನ್ನನ್ನು ಎತ್ತಿಕೊಳ್ಳುತ್ತಿದ್ದದ್ದು ದೊಡ್ಡಕ್ಕ. ಅವಳ ಮದುವೆ ಆಗಿ ಹೋದ ವರ್ಷ ನಾನು ಶಾಲೆಗೆ ಹೋಗದೆ ಹಾಡಿಯಲ್ಲಿ ಅಡಗಿ ಕೂರುತ್ತಿದ್ದೆನಂತೆ, ಅಮ್ಮ ಹೇಳುತ್ತಿದ್ದಳು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಈಗ ಹೊಳೆಯಿತು. ಏಟಿನ ಮಾತು ವಾಪಸ್ ತೆಗೆದುಕೊಂಡೆ.

---

ಡೊಂಬಿವಲಿ ಅಮ್ಮ (ಎರಡು ವಾರದ ನಂತರ)

ಎಲ್ಲರಿಗೂ ತಡವಾಗಿ ಬರೆಯುತ್ತಿದ್ದೇನೆ. ಮೂತ್ರ ಪರೀಕ್ಷೆ ಮಾಡಿಸಿದೆ, ಸೋಂಕು ಇಲ್ಲ. ಮಲಬದ್ಧತೆ ಇತ್ತು, ಸಿಸ್ಟರ್ ಹೇಳಿದ ಹಾಗೇ. ಡಾಕ್ಟರ್ ಔಷಧಿ ಕೊಟ್ಟಿದ್ದಾರೆ.

ನಿಜ ಹೇಳಿದ್ದು ಭಾನುವಾರ, ಇವರೂ ಮನೆಯಲ್ಲಿದ್ದರು. ಟೀಚರ್ ಹೇಳಿದ ಹಾಗೆ ಎರಡೇ ವಾಕ್ಯ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಜ್ಜಿ ಜೆಸಿಬಿ ಒಳಗೆ ಹೋಗ್ಲಿಲ್ವಾ?' ಅಂತ ಕೇಳಿದ. ನಮಗೆ ಅರ್ಥವೇ ಆಗಲಿಲ್ಲ. ಆಮೇಲೆ ಇವರಿಗೆ ನೆನಪಾಯಿತು. ಮೇ ತಿಂಗಳಲ್ಲಿ ಏನೋ ಕಾಗದಕ್ಕೆ ಅಂತ ಇವನನ್ನು ಕರೆದುಕೊಂಡು ಮಾಟುಂಗಾಕ್ಕೆ ಹೋಗಿದ್ದರು. ನಮ್ಮ ಬಿಲ್ಡಿಂಗ್ ಸುತ್ತ ನೀಲಿ ತಗಡು ಕಟ್ಟಿ, ಒಳಗೆ ಜೆಸಿಬಿ ಗೋಡೆ ಕೆಡವುತ್ತಿತ್ತು. ತಗಡಿನ ಸಂದಿಯಿಂದ ನಮ್ಮ ಅಡುಗೆಮನೆಯ ಹಸಿರು ಗೋಡೆ ಕಾಣುತ್ತಿತ್ತಂತೆ. ಅಜ್ಜಿ ಒಳಗೇ ಇದ್ದಳು, ಅವಳನ್ನೂ ಸೇರಿಸಿ ಒಡೆದುಹಾಕಿದರು ಅಂತ ಮಗು ಎರಡು ತಿಂಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. ನಾನು ದಿನಾ ನಾಳೆ ಬರ್ತಾಳೆ ಅನ್ನುತ್ತಿದ್ದೆ.

ಫೋನಿನಲ್ಲಿ ಮಾತಾಡಿಸುತ್ತಿರಲಿಲ್ಲವಾ ಅಂತ ಕೇಳಬಹುದು. ಅತ್ತೆಯ ದನಿ ಕೇಳಿದರೆ ಹಟ ಮಾಡುತ್ತಾನೆ ಅಂತ ಅವನು ಮಲಗಿದ ಮೇಲೆ ಫೋನ್ ಮಾಡುತ್ತಿದ್ದೆ. ಆವತ್ತೇ ವಿಡಿಯೋ ಕಾಲ್ ಮಾಡಿದೆವು. ಅಜ್ಜಿ ಎದ್ದು ನಿಲ್ಲಬೇಕು, ನಡೆದು ತೋರಿಸಬೇಕು ಅಂದ. ಪಾಪ, ಅತ್ತೆ ಮಂಡಿ ಹಿಡಿದುಕೊಂಡು ಅಂಗಳದ ತುಳಸಿಕಟ್ಟೆವರೆಗೆ ನಡೆದರು. ಆಮೇಲೆ ಅವನು ಜೋರಾಗಿ ಅತ್ತ, ಅರ್ಧ ಗಂಟೆ. ನಾನು ಮೊಬೈಲು ಕೊಡಲಿಲ್ಲ, ಸುಮ್ನೆ ಕೂತಿದ್ದೆ. ಕಷ್ಟ ಆಯಿತು.

ಹಾಸಿಗೆ ಇನ್ನೂ ಒದ್ದೆ ಆಗುತ್ತದೆ, ವಾರಕ್ಕೆ ಎರಡು ಸಲ. ಶಾಲೆಯಿಂದ ಒಂದು ಸಲ ಮಾತ್ರ ಫೋನು. ಅವನ ಮರಾಠಿ ಸ್ವಲ್ಪ ಜಾಸ್ತಿಯೇ ಆಗಿದೆ, ಮನೆಯಲ್ಲಿ ಬೆಂಡೆಕಾಯಿ ಪಲ್ಯ ಬಡಿಸಿದರೂ 'ಮಲಾ ನಕೋ'. ಜೇಬಿನಲ್ಲಿ ಅಜ್ಜಿಯ ಹಳೇ ಸೀರೆಯ ಅಂಚಿನ ಒಂದು ತುಂಡು. ನಾನು ಒಂದು ದಿನ ಮತ್ತೆ ಕೂಗಾಡಿದೆ, ಸಂಜೆ ಬಂದು ತಪ್ಪಾಯಿತು ಅಂದೆ, ಬಾಲ ಸೇರಿಸಲಿಲ್ಲ.

ಅತ್ತೆ ಚೌತಿಗೆ ಬರುವುದು ಖಂಡಿತ, ಮೈದುನ ಟಿಕೆಟ್ ಮಾಡಿಸಿ ಫೋಟೋ ಕಳಿಸಿದ್ದಾನೆ. ಮೂರು ಮಹಡಿ ಹೇಗೆ ಹತ್ತಿಸುವುದು ಅಂತ ಇನ್ನೂ ಗೊತ್ತಿಲ್ಲ, ಕುರ್ಚಿ ಮೇಲೆ ಕೂರಿಸಿ ಎತ್ತೋಣ ಅನ್ನುತ್ತಾರೆ ಇವರು. ಹುಣಸೆಬೀಜದ ಡಬ್ಬಿ ಶುರು ಮಾಡಿದ್ದೇವೆ. ಆದರೆ ನಿನ್ನೆ ಎಣಿಸಿದರೆ ಆರು ಬೀಜ ಕಡಿಮೆ. ಕೇಳಿದರೆ, ಅಜ್ಜಿ ಬೇಗ ಬರಲಿ ಅಂತ ತೆಗೆದನಂತೆ, ಮಣೆ ಕೆಳಗೆ ಬಚ್ಚಿಟ್ಟಿದ್ದಾನೆ. ಟೀಚರ್, ವಾಪಸ್ ಹಾಕಲಾ? ಬಿಡಲಾ?

---

ಬಾಲವಾಡಿ ಟೀಚರ್, ಮುಲುಂಡ್

ಹಾಕಬೇಕು, ಆದರೆ ನೀನಲ್ಲ. ಆ ಆರು ಬೀಜ ಅವನ ಕೈಯಲ್ಲೇ ಕೊಟ್ಟು, ಅಜ್ಜಿಗೆ ಫೋನ್ ಹಚ್ಚಿ, ಅವಳ ಎದುರಿಗೆ ಒಂದೊಂದೇ ಎಣಿಸಿ ಹಾಕಿಸು. ಅಜ್ಜಿಯ ಹತ್ತಿರವೂ ಅಷ್ಟೇ ಬೀಜದ ಒಂದು ಡಬ್ಬಿ ಇರಲಿ, ಇಬ್ಬರೂ ರಾತ್ರಿ ಒಟ್ಟಿಗೆ ತೆಗೆಯಲಿ. ಕುಂದಾಪುರದಲ್ಲಿ ಹುಣಸೆಬೀಜಕ್ಕೇನು ಬರವಾ?